ರಾಕ್ಷಸ ಅಂದ್ರೆ ಹುಲಿನಾ?

1977ರಲ್ಲಿ ಅಮೆರಿಕದಲ್ಲಿ ಬಂದ ಪುಸ್ತಕ, 'ಮಾನ್‌ಸ್ಟರ್ ಮ್ಯಾನ್ಯುಯಲ್'. 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಅನ್ನೋ ಆಟದ್ದು. ಅದರಲ್ಲಿ ನಮ್ಮ ರಾಕ್ಷಸನೂ ಇದ್ದಾನೆ. ಹೇಗಿದ್ದಾನೆ ಗೊತ್ತಾ? ಹುಲಿ ತಲೆ, ಮೈಮೇಲೆ ಗತ್ತಿನ ನಿಲುವಂಗಿ, ಜೊತೆಗೊಂದು ಪೈಪು! ಈ ಚಿತ್ರ ಬರೆದವರು ಡೇವಿಡ್ ಟ್ರ್ಯಾಂಪಿಯರ್. ಆಟ ಕಟ್ಟಿದವರಲ್ಲಿ ಒಬ್ಬರಾದ ಗ್ಯಾರಿ ಗೈಗ್ಯಾಕ್ಸ್‌ಗೆ ಈ ರಾಕ್ಷಸ ಸಿಕ್ಕಿದ್ದು 'ಕೋಲ್‌ಚಾಕ್' ಅನ್ನೋ ಟಿವಿ ಧಾರಾವಾಹಿಯಲ್ಲಿ!

ಈಗ ನಮ್ಮ ಕಡೆಯ ರಾಕ್ಷಸನನ್ನ ನೋಡೋಕೆ ಬನ್ನಿ. ಚಳ್ಳಕೆರೆ, ಮೊಳಕಾಲ್ಮುರು, ಅದರಾಚೆ ಬಳ್ಳಾರಿ. ತೊಗಲುಗೊಂಬೆ ಆಟ ಕಂಡ ಸೀಮೆ ಇದು.

ಈ ಆಟದ ರಾವಣನನ್ನ ಹತ್ತಿರದಿಂದ ನೋಡಿ. ಹದ ಮಾಡಿದ ಆಡಿನ ತೊಗಲು, ದೀಪದ ಬೆಳಕು ಹಾಯುವಷ್ಟು ತೆಳು. ಒಡವೆ ಇರೋ ಕಡೆಯೆಲ್ಲಾ ಉಳಿಯಿಂದ ಸಣ್ಣ ಸಣ್ಣ ತೂತು. ಪರದೆ ಮೇಲೆ ಅವೇ ಮುತ್ತಾಗಿ ಹೊಳೀತವೆ. ರಾಜನಿಗೆ ದೊಡ್ಡ ಗೊಂಬೆ, ಸೇವಕನಿಗೆ ಚಿಕ್ಕದು. ಹಾಸ್ಯದ ಕಿಳ್ಳೇಕ್ಯಾತ, ಬಂಗಾರಕ್ಕ ಬಂದ್ರಂತೂ ಬಾಯಿ ಬಿಡೋಕೆ ಮುಂಚೆನೇ, ಆಕಾರ ನೋಡಿಯೇ ಜನ ನಗ್ತಾರೆ.

ಗೇಮ್ ಕಲಾವಿದರು 'ಸಿಲೂಯೆಟ್' ಅಂತ ಕಲಿಯೋ ಪಾಠವೂ ಇದೇ: ಬರೀ ಆಕಾರ ನೋಡಿದ್ರೆ ಪಾತ್ರ ಯಾವುದು ಅಂತ ಗೊತ್ತಾಗ್ಬೇಕು.

ನೀವೂ ಗೇಮ್‌ಗೆ ಚಿತ್ರ ಬಿಡಿಸೋರಾ? ಹಾಗಾದ್ರೆ ಮುಂದಿನ ರಾಕ್ಷಸನನ್ನ ಬರೆಯೋ ಮುಂಚೆ ಒಂದು ತೊಗಲುಗೊಂಬೆ ಆಟ ಪೂರ್ತಿ ನೋಡಿ. ಆಟ ಮುಗಿದ ಮೇಲೆ ಕಲಾವಿದರನ್ನ ಕೇಳಿ, ಪರದೆ ಹಿಂದೆ ಹೋಗಿ ಗೊಂಬೆ ನೋಡಿ, ಸ್ಕೆಚ್ ಮಾಡ್ಕೊಳ್ಳಿ.