ಹಿಂದಕ್ಕೆ ಎಸೆದು ಮುಂದಕ್ಕೆ ಸಾಗುವ ಆಟ: ರಗ್ಬಿಯ ಮೊದಲ ಪಾಠಗಳು

ರಗ್ಬಿ ಆಟದ ಸ್ವರೂಪವನ್ನು ನಿರ್ಧರಿಸುವ ನಿಯಮವೊಂದಿದೆ: ಆಟಗಾರರು ಅಂಡಾಕಾರದ ಚೆಂಡನ್ನು ಹಿಡಿದು ಮುಂದಕ್ಕೆ ಓಡಬಹುದು, ಕಾಲಿನಿಂದ ಮುಂದಕ್ಕೆ ಒದೆಯಬಹುದು, ಆದರೆ ಕೈಯಿಂದ ಮುಂದಕ್ಕೆ ಎಸೆಯುವಂತಿಲ್ಲ. ಆದ್ದರಿಂದ ಜೊತೆಗಾರರು ಚೆಂಡು ಹಿಡಿದವರ ಹಿಂದೆ, ತುಸು ಬದಿಗೆ, ಸದಾ ಓಡುತ್ತಿರಬೇಕಾಗುತ್ತದೆ. ಈ ಒತ್ತಾಸೆಯೇ ಆಟದ ಜೀವಾಳವೆಂಬುದನ್ನು ಮನಗಂಡ ಹೊಸಬರಿಗೆ ಉಳಿದ ನಿಯಮಗಳು ಕ್ರಮೇಣ ಅರ್ಥವಾಗುತ್ತವೆ.

ಇಂಗ್ಲೆಂಡಿನ ರಗ್ಬಿ ಪಟ್ಟಣದ ಶಾಲೆಯಲ್ಲಿ ರೂಪುಗೊಂಡ ಈ ಆಟಕ್ಕೆ ಅಲ್ಲಿನ ವಿದ್ಯಾರ್ಥಿಗಳು 1845ರಲ್ಲಿ ಲಿಖಿತ ನಿಯಮಗಳನ್ನು ರಚಿಸಿದರು. ಭಾರತಕ್ಕೂ ಇದರ ನಂಟು ಹಳೆಯದು: ಕಲ್ಕತ್ತೆಯ ಕ್ಲಬ್ಬೊಂದು 1878ರಲ್ಲಿ ಮುಚ್ಚಿದಾಗ, ಅದರ ಖಾತೆಯಲ್ಲಿ ಉಳಿದ ಬೆಳ್ಳಿ ರೂಪಾಯಿಗಳನ್ನು ಕರಗಿಸಿ ಮಾಡಿಸಿದ ‘ಕಲ್ಕತ್ತಾ ಕಪ್’ಗಾಗಿ ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ತಂಡಗಳು 1879ರಿಂದ ಸೆಣಸುತ್ತಿವೆ.

ಪೂರ್ಣ ಪ್ರಮಾಣದ ‘ರಗ್ಬಿ ಯೂನಿಯನ್’ ಪಂದ್ಯದಲ್ಲಿ ಪ್ರತಿ ತಂಡದಿಂದ 15 ಮಂದಿ 80 ನಿಮಿಷ ಆಡುತ್ತಾರೆ. ಎದುರಾಳಿಯ ಗೋಲು ಗೆರೆಯನ್ನು ಮುಟ್ಟಿ ಅಥವಾ ದಾಟಿ ಚೆಂಡನ್ನು ನೆಲಕ್ಕೆ ಒತ್ತುವುದು ‘ಟ್ರೈ’. ಅದಕ್ಕೆ 5 ಅಂಕ, ಅನಂತರ ಗೋಲು ಕಂಬಗಳ ನಡುವೆ, ಅಡ್ಡಪಟ್ಟಿಯ ಮೇಲಿಂದ ಚೆಂಡನ್ನು ಒದ್ದರೆ ಇನ್ನೂ 2 ಅಂಕ. ತಂಡಕ್ಕೆ 7 ಮಂದಿಯಂತೆ 14 ನಿಮಿಷ ನಡೆಯುವ ‘ಸೆವೆನ್ಸ್’ ಪ್ರಕಾರವು 2016ರಲ್ಲಿ ಒಲಿಂಪಿಕ್ಸ್ ಪ್ರವೇಶಿಸಿತು.

ಕಲಿಕೆಯು ಮೈ ತಾಗದ ‘ಟಚ್ ರಗ್ಬಿ’ಯಿಂದ ಆರಂಭವಾಗುವುದು ಒಳ್ಳೆಯದು, ಏಕೆಂದರೆ ಅಲ್ಲಿ ಎದುರಾಳಿಯನ್ನು ಕೆಡವದೆ ಕೈಯಿಂದ ಮುಟ್ಟಿದರೆ ಸಾಕಾಗುವುದರಿಂದ ಎಸೆಯುವ, ಹಿಡಿಯುವ, ಜಾಗ ಹುಡುಕಿ ಓಡುವ ಅಭ್ಯಾಸ ಭಯವಿಲ್ಲದೆ ಕೈಗೂಡುತ್ತದೆ. ಎರಡನೆಯ ಪಾಠ ಬೀಳುವುದು: ಕೈಯೂರಿ ಬಿದ್ದರೆ ಮಣಿಕಟ್ಟಿಗೆ ಪೆಟ್ಟಾಗಬಹುದಾದ್ದರಿಂದ, ಚೆಂಡನ್ನು ಎದೆಗವಚಿ, ಗಲ್ಲವನ್ನು ಒಳಗೆಳೆದುಕೊಂಡು, ಪಕ್ಕಕ್ಕೆ ಉರುಳುವುದನ್ನು ಮೊದಲು ಮಂಡಿಯೂರಿ, ಬಳಿಕ ನಡೆಯುತ್ತ, ಕೊನೆಗೆ ಓಡುತ್ತ ಕಲಿಸಲಾಗುತ್ತದೆ.

ಚೆಂಡು ಹಿಡಿದವರನ್ನು ಬಳಸಿ ನೆಲಕ್ಕೆ ಕೆಡವುವ ‘ಟ್ಯಾಕಲ್’ ಅನಂತರದ ಪಾಠ. ಕಬಡ್ಡಿ ಆಡಿದವರಿಗೆ ತೊಡೆ, ಪಾದಗಳ ಹಿಡಿತ ಪರಿಚಿತವಾದರೂ ಮುಖ್ಯವಾದ ವ್ಯತ್ಯಾಸವೊಂದಿದೆ: ಕಬಡ್ಡಿಯಲ್ಲಿ ರೈಡರ್‌ನನ್ನು ಬಿಡದೆ ಹಿಡಿದಿಡುವುದೇ ಗುರಿ, ರಗ್ಬಿಯಲ್ಲಿ ಎದುರಾಳಿ ನೆಲಕ್ಕೆ ಬಿದ್ದೊಡನೆ ಹಿಡಿತ ಸಡಿಲಿಸಲೇಬೇಕು, ಬಿದ್ದವರೂ ಚೆಂಡನ್ನು ಬಿಡಬೇಕು. ಭುಜದ ಮಟ್ಟಕ್ಕಿಂತ ಮೇಲೆ ಹಿಡಿಯುವುದು ತಪ್ಪು. ಹಿಡಿಯುವವರು ತಮ್ಮ ತಲೆಯನ್ನು ಎದುರಾಳಿಯ ಮುಂದಕ್ಕೆ ತರದೆ ಪಕ್ಕಕ್ಕೆ ಇರಿಸಿಕೊಳ್ಳಬೇಕು. ತಲಾ ಎಂಟು ಮಂದಿ ಪರಸ್ಪರ ತೋಳು ಬಿಗಿದು ಎದುರಾಳಿಗಳನ್ನು ತಳ್ಳುವ ‘ಸ್ಕ್ರಮ್’ ಕತ್ತು ಮತ್ತು ಬೆನ್ನುಮೂಳೆಗೆ ಭಾರ ಹೇರುವುದರಿಂದ ತರಬೇತುದಾರರಿಲ್ಲದೆ ಅದನ್ನು ಪ್ರಯತ್ನಿಸಲೇಬಾರದು.

ಹಲ್ಲುಗಳಿಗೆ ಮೌತ್ ಗಾರ್ಡ್, ನೆಲ ಕಚ್ಚುವ ಬೂಟು ಆರಂಭದಿಂದಲೇ ಬೇಕು. ತಲೆಗೆ ಪೆಟ್ಟು ಬಿದ್ದು ಮಂಪರು, ಗೊಂದಲ ಅಥವಾ ವಾಕರಿಕೆ ಕಂಡುಬಂದರೆ ಆಟಗಾರರು ತಕ್ಷಣ ಮೈದಾನ ಬಿಟ್ಟು ಹೊರಬರಬೇಕು, ವೈದ್ಯರ ಅನುಮತಿಯಿಲ್ಲದೆ ಮರಳಬಾರದು.

ಬಿದ್ದವರು ಚೆಂಡನ್ನು ಬಿಡುವಾಗ ಕೈಚಾಚಿ ತಮ್ಮವರ ಕಡೆಗೆ ಇರಿಸುತ್ತಾರೆ, ಹಿಂದೆ ಓಡಿಬಂದ ಜೊತೆಗಾರರು ಅದನ್ನೆತ್ತಿಕೊಂಡು ಸಾಗುತ್ತಾರೆ; ಆ ಕ್ಷಣಕ್ಕೆ ಸರಿಯಾಗಿ ಅಲ್ಲಿಗೆ ತಲುಪುವುದನ್ನು ಕಲಿತಾಗಲೇ ಹೊಸಬರು ನಿಜವಾಗಿ ತಂಡದವರಾಗುತ್ತಾರೆ.