ಮುಖಪರಿಚಯದ ಮಾತುಗಳು

ರಷ್ಯನ್ ಮಾತೃಭಾಷೆಯ ಕೆಲವು ವಿದ್ಯಾರ್ಥಿಗಳ ಇಂಗ್ಲಿಷ್ ಪ್ರಬಂಧಗಳನ್ನು ತಿದ್ದುವ ಕೆಲಸ ಕೆಲವು ವರ್ಷ ನನ್ನ ಪಾಲಿಗೆ ಬಂದಿತ್ತು. ಅವರು ಇಂಗ್ಲಿಷಿಗೆ ಹೊಸಬರಲ್ಲ. ವ್ಯಾಕರಣವನ್ನು ಅರೆದು ಕುಡಿದವರು. ಗಾಲ್ಸ್‌ವರ್ದಿಯನ್ನೂ ಸಾಮರ್ಸೆಟ್ ಮಾಮ್‌ನನ್ನೂ ಓದಿಕೊಂಡವರು. ಉನ್ನತ ಶಬ್ದಸಂಪತ್ತು ಎಂಬ ಹೆಸರಿನ ಉದ್ದುದ್ದ ಪಟ್ಟಿಗಳನ್ನು ದಿನಕ್ಕಿಷ್ಟೆಂದು ಲೆಕ್ಕವಿಟ್ಟು ಉರುಹೊಡೆಯುವವರು. ಅಂಥವರ ಬರಹದಲ್ಲಿ ತಪ್ಪು ಬಂದರೆ ಅದು ತಿಳಿಯದ ಪದದಲ್ಲಿ ಬಂದೀತೆಂದು ಯಾರಾದರೂ ಊಹಿಸುವರು. ವಾಸ್ತವವಾಗಿ ಅದು ಬರುವುದು ಚೆನ್ನಾಗಿ ಬಲ್ಲೆವೆಂದುಕೊಂಡ ಪದದಲ್ಲಿ. ಒಬ್ಬ ವಿದ್ಯಾರ್ಥಿನಿ ತನ್ನ ತಾತನಿಗೆ 'ಇನ್‌ಸಲ್ಟ್' ಆಗಿ ಎಡಗೈ ಎಡಗಾಲು ಬಿದ್ದುಹೋದುವೆಂದು ಬರೆದಿದ್ದಳು. ಅವಮಾನವಾದ ಮಾತ್ರಕ್ಕೆ ಅಂಗ ಬಿದ್ದುಹೋಗುವಷ್ಟು ಮಾನಿಯೇ ಆ ವೃದ್ಧ ಎಂದು ಇಂಗ್ಲಿಷ್ ಓದುಗ ಬೆರಗಾಗಬೇಕು. ರಷ್ಯನ್ನಿನಲ್ಲಿ 'ಇನ್ಸುಲ್ತ್' ಎಂದರೆ ಪಾರ್ಶ್ವವಾಯು. ಎರಗುವುದು, ಮೇಲೆ ಬೀಳುವುದು ಎಂಬ ಲ್ಯಾಟಿನ್ ಅರ್ಥದಿಂದಲೇ ಎರಡೂ ಹೊರಟದ್ದು; ಒಂದು ದೇಹದ ಮೇಲೆ ಎರಗಿತು, ಇನ್ನೊಂದು ಮಾನದ ಮೇಲೆ. ಆಕೆ ದುಃಖದಿಂದ ಬರೆದ ಪುಟವನ್ನು ಓದಿ ಅಪರಿಚಿತನೊಬ್ಬ ನಗುವಂತಾದರೆ ಅದನ್ನು ಸಣ್ಣ ನಷ್ಟವೆಂದು ನಾನು ಎಣಿಸಲಾರೆ.

ಇಂಥ ಮಾತುಗಳ ಒಂದು ಸಂತೆಯೇ ಇದೆ. 'ಸಿಂಪತೀಚ್ನಿ' ಎಂದರೆ ಮರುಕವುಳ್ಳವನಲ್ಲ, ನೋಡಲು ಲಕ್ಷಣವಾಗಿರುವವನು. 'ಅಕುರಾತ್ನಿ' ಎಂದರೆ ಕರಾರುವಾಕ್ಕಾದುದಲ್ಲ, ಅಚ್ಚುಕಟ್ಟಾದುದು. 'ಫಮೀಲಿಯ' ಎಂಬುದು ಸಂಸಾರವಲ್ಲ, ಮನೆತನದ ಹೆಸರು. 'ಲುನಾತಿಕ್' ಹುಚ್ಚನಲ್ಲ, ನಿದ್ದೆಯಲ್ಲಿ ನಡೆದಾಡುವವನು. ಮಾಸ್ಕೋ ನಗರದ ಬೀದಿಯಲ್ಲಿ ಹೆಜ್ಜೆ ಹೆಜ್ಜೆಗೂ ಕಾಣುವ 'ಮಗಜೀನ್' ಎಂಬ ಹಲಗೆ ಪತ್ರಿಕಾಲಯದ್ದಲ್ಲ, ಅಂಗಡಿಯದು. ಈ ಮಾತಿನ ಚರಿತ್ರೆ ಸ್ವಾರಸ್ಯವಾಗಿದೆ. ಮೂಲದಲ್ಲಿ ಇದು ಉಗ್ರಾಣವೆಂಬ ಅರ್ಥದ ಅರಬ್ಬೀ ಪದ. ಇಂಗ್ಲಿಷಿನಲ್ಲಿಯೂ ಮೊದಲು ಅದೇ ಅರ್ಥವಿತ್ತು. 1731ರಲ್ಲಿ ಲಂಡನ್ನಿನಲ್ಲಿ 'ಜೆಂಟಲ್‌ಮನ್ಸ್ ಮ್ಯಾಗಜೀನ್' ಹೊರಟ ಮೇಲೆ ಬರಹದ ಉಗ್ರಾಣಕ್ಕೂ ಆ ಹೆಸರು ಅಂಟಿಕೊಂಡಿತು. ರಷ್ಯನ್ನರಲ್ಲಿ ಅದು ಸರಕಿನ ಬಳಿಯೇ ಉಳಿಯಿತು. ಅದೇ ಅರಬ್ಬೀ ಧಾತುವಿನಿಂದ ಬಂದ ಇನ್ನೊಂದು ಮಾತನ್ನು ನಾವೂ ದಿನವೂ ಆಡುತ್ತೇವೆ: ನಮ್ಮ 'ಖಜಾನೆ'.

1928ರಲ್ಲಿ ಇಬ್ಬರು ಫ್ರೆಂಚ್ ವಿದ್ವಾಂಸರು ಇಂಥ ಪದಗಳಿಗೆ ಸುಳ್ಳು ಸ್ನೇಹಿತರೆಂದು ಹೆಸರಿಟ್ಟರು. ರಷ್ಯನ್ ಮತ್ತು ಇಂಗ್ಲಿಷುಗಳ ನಡುವಣ ಈ ಸ್ನೇಹಿತರಿಗಾಗಿಯೇ 1969ರಲ್ಲಿ ಮಾಸ್ಕೋದಲ್ಲಿ ಅಕುಲೆಂಕೊ ಅವರ ಮುಂದಾಳ್ತನದಲ್ಲಿ ಒಂದು ನಿಘಂಟು ಹೊರಬಂದಿತು. ಕನ್ನಡಿಗರಿಗೆ ಈ ಸಂಕಟವನ್ನು ಬಿಡಿಸಿ ಹೇಳಬೇಕಾದುದಿಲ್ಲ. ಹಿಂದಿ ಕಲಿಯಹೊರಟ ನಮ್ಮ ಹುಡುಗ ಅಲ್ಲಿ ಉಪನ್ಯಾಸವೆಂದರೆ ಕಾದಂಬರಿ, ಅವಸರವೆಂದರೆ ಸದವಕಾಶ ಎಂಬುದನ್ನು ಕಂಡು ಬೆಚ್ಚುತ್ತಾನೆ. ಶಿಕ್ಷೆಯೆಂದರೆ ವಿದ್ಯಾಭ್ಯಾಸ ಎಂಬುದೊಂದು ಮಾತ್ರ, ಅವನ ಶಾಲೆ ಎಂಥದೆಂಬುದರ ಮೇಲೆ, ಅವನಿಗೆ ಸಹಜವಾಗಿಯೇ ತೋರೀತು.

ಹಾಗಾದರೆ ರಷ್ಯನ್ ವಿದ್ಯಾರ್ಥಿಗೆ ಅವನ ತಾಯ್ನುಡಿ ಬರಿಯ ತೊಡಕೇ? ಅಲ್ಲವೆಂಬುದೇ ನಾನು ಮುಖ್ಯವಾಗಿ ಹೇಳಬೇಕೆಂದಿರುವುದು. ಪಶ್ಚಿಮದ ಪದಗಳನ್ನು ರಷ್ಯನ್ ಭಾಷೆ ಎರಡು ಬಗೆಯಲ್ಲಿ ಬರಮಾಡಿಕೊಂಡಿತು. ಕೆಲವನ್ನು ಅವುಗಳ ಉಡುಪಿನಲ್ಲಿಯೇ ಒಳಗೆ ಬಿಟ್ಟುಕೊಂಡಿತು. ಮೇಲೆ ಹೇಳಿದ ವಂಚಕರೆಲ್ಲ ಆ ಗುಂಪಿನವರು. ಇನ್ನು ಕೆಲವನ್ನು ಕೀಲು ಕೀಲಾಗಿ ಬಿಚ್ಚಿ, ಪ್ರತಿಯೊಂದು ತುಂಡಿಗೂ ತನ್ನದೇ ತುಂಡನ್ನು ಹುಡುಕಿ, ಹೊಸದಾಗಿ ಕಟ್ಟಿತು. ಇಂಗ್ಲಿಷ್ ವೈಯಾಕರಣರ 'ಇಂಟರ್‌ಜೆಕ್ಷನ್' ಎಂದರೆ ನಡುವೆ ಎಸೆದದ್ದು. ರಷ್ಯನ್ನಿನಲ್ಲಿ ಅದು 'ಮೆಝ್ದೊಮೇತಿಯೆ'. 'ಮೆಝ್ದು' ಎಂದರೆ ನಡುವೆ, 'ಮೆತಾತ್' ಎಂದರೆ ಎಸೆಯುವುದು. ಮೈಯೆಲ್ಲ ಕಚ್ಚುಕಚ್ಚಾಗಿ ಕಡಿದಂತಿರುವ ಪ್ರಾಣಿಗೆ ಲ್ಯಾಟಿನ್ನಿನಿಂದ 'ಇನ್‌ಸೆಕ್ಟ್' ಎಂಬ ಹೆಸರು ಬಂದಿತು. ರಷ್ಯನ್ನಿನ 'ನಸೆಕೋಮೊಯೆ'ಯಲ್ಲಿಯೂ ಕಡಿಯುವ ಕ್ರಿಯೆಯೇ ಅಡಗಿದೆ. 'ಇನ್‌ಫ್ಲುಯೆನ್ಸ್' ಒಳಕ್ಕೆ ಹರಿದು ಬರುವುದು. 'ವ್ಲಿಯಾನಿಯೆ' ಒಳಕ್ಕೆ ಸುರಿಯುವುದು. 'ಕಾನ್‌ಷನ್ಸ್' ಎಂಬ ಅಂತಸ್ಸಾಕ್ಷಿಯ ಪದದಲ್ಲಿ 'ಕೂಡ' ಮತ್ತು 'ಅರಿವು' ಎಂಬ ಎರಡು ತುಂಡುಗಳಿವೆ. ರಷ್ಯನ್ನರ 'ಸೋವೆಸ್ತ್' ಗ್ರೀಕಿನ ಮಾದರಿಯಲ್ಲಿ ಅದೇ ಎರಡು ತುಂಡುಗಳಿಂದ ಆದುದು. ಅದರ ಅರಿವಿನ ಭಾಗ ನಮ್ಮ 'ವಿದ್' ಧಾತುವಿನ ಸೋದರ.

ನೋಡಿ, ಮುಖ ಒಂದೇ ಆಗಿರುವವರು ಕೈಕೊಡುತ್ತಾರೆ. ಮುಖ ಬೇರೆಯಾದವರಲ್ಲಿ ನಿಜವಾದ ನಂಟು ಇದೆ. ಇದನ್ನು ತೋರಿಸಿಕೊಟ್ಟ ದಿನ ನನ್ನ ವಿದ್ಯಾರ್ಥಿಗಳ ಕಣ್ಣಿನಲ್ಲಿ ಕಂಡ ಬೆಳಕನ್ನು ಯಾವ ಪಟ್ಟಿಯೂ ತಂದುದಿಲ್ಲ. ಪಟ್ಟಿಯಲ್ಲಿ ಪದವೊಂದು ಅನಾಥ; ಅದಕ್ಕೆ ನೆರೆಯಿಲ್ಲ, ಹೊರೆಯಿಲ್ಲ. ಪರೀಕ್ಷೆ ಮುಗಿದ ಮರುದಿನ ಅದು ಬಂದ ದಾರಿಯಲ್ಲಿಯೇ ಹೊರಟುಹೋಗುತ್ತದೆ.

ಇನ್ನೊಂದು ತೊಡಕು ಇದಕ್ಕಿಂತ ಸೂಕ್ಷ್ಮವಾದುದು. ಪಟ್ಟಿಯಿಂದ ಬೆಳೆದವನು ಉದ್ದನೆಯ ಪದವೇ ಉನ್ನತ ಪದವೆಂದು ನಂಬುತ್ತಾನೆ. ಮಲಗುವ ಮುನ್ನ ದೀಪವನ್ನು 'ಎಕ್ಸ್‌ಟಿಂಗ್ವಿಷ್' ಮಾಡಿದೆನೆಂದು ಬರೆಯುತ್ತಾನೆ. ಅರ್ಥದಲ್ಲಿ ತಪ್ಪಿಲ್ಲ, ಆದರೆ ಬಾಯಾರಿದ ಮಗ ತಾಯಿಯ ಬಳಿ ಹೋಗಿ ಒಂದು ಲೋಟ ಉದಕ ಬೇಡಿದಂತೆ ಕೇಳಿಸುತ್ತದೆ. ಆಂಗ್ಲನು ದೀಪವನ್ನು 'ಪುಟ್ ಔಟ್' ಮಾಡುತ್ತಾನೆ. ಅದೇ 'ಪುಟ್' ಎಂಬ ಬಡ ಮಾತು 'ಆಫ್' ಸೇರಿದರೆ ಮುಂದೂಡುವುದಾಗುತ್ತದೆ. 'ಅಪ್ ವಿತ್' ಸೇರಿದರೆ ಸಹಿಸಿಕೊಳ್ಳುವುದಾಗುತ್ತದೆ. ರಷ್ಯನ್ ಕ್ರಿಯಾಪದ ಒಳಗೆ ಹೊರಗೆ ಎಂಬುದನ್ನೆಲ್ಲ ತಲೆಯ ಮೇಲೆಯೇ ಹೊತ್ತುಕೊಂಡು ಒಂದೇ ಪದವಾಗಿ ನಿಲ್ಲುತ್ತದೆ. ಇಂಗ್ಲಿಷಿನದು ಅದನ್ನು ಹಿಂದೆ ಎಳೆದುಕೊಂಡು ಬರುತ್ತದೆ, ಎಷ್ಟೋ ವೇಳೆ ನಡುವೆ ಮೂರು ನಾಲ್ಕು ಮಾತು ಬಿಟ್ಟು. ಹಾಗೆ ಚದುರಿ ಬಿದ್ದುದು ಒಂದು ಪದವೆಂದು ರಷ್ಯನ್ ಕಣ್ಣಿಗೆ ತೋರುವುದೇ ಇಲ್ಲ.

1066ರಲ್ಲಿ ನಾರ್ಮನರು ಗೆದ್ದ ಮೇಲೆ ಇಂಗ್ಲಿಷಿಗೆ ಮನೆಯ ಮಾತು, ಆಸ್ಥಾನದ ಮಾತು ಎಂಬ ಎರಡು ಅಂತಸ್ತು ಬಂದುದನ್ನು ವಿದ್ಯಾರ್ಥಿಗಳು ಪುಸ್ತಕದಲ್ಲಿ ಓದಿರುತ್ತಾರೆ. ಆದರೆ ಅವರಿಗೆ ಅದು ಪುಸ್ತಕದ ವಿಷಯ. ತಮ್ಮ ಮನೆಯಲ್ಲಿಯೇ ಅಂಥ ಎರಡು ಅಂತಸ್ತು ಇದೆಯೆಂದು ನೆನಪಿಸಬೇಕು. ಊರಿಗೆ ರಷ್ಯನ್ನರ ದೇಸಿ ಮಾತು 'ಗೋರೊದ್'. ಚರ್ಚಿನ ಹಳೆಯ ಸ್ಲಾವ್ ಭಾಷೆಯಿಂದ ಬಂದುದು 'ಗ್ರಾದ್'. ನೋವ್ಗೊರೊದಿನಲ್ಲಿ ಮೊದಲನೆಯದಿದೆ, ವೋಲ್ಗೊಗ್ರಾದಿನಲ್ಲಿ ಎರಡನೆಯದು. ತಲೆಗೂ ಹಾಗೆಯೇ 'ಗೊಲೊವಾ', 'ಗ್ಲವಾ' ಎಂಬ ಜೋಡಿಯಿದೆ, ನಮಗೆ ತಲೆಯೂ ಶಿರಸ್ಸೂ ಇರುವಂತೆ. ಯಾವುದನ್ನು ಎಷ್ಟು ಬೆರೆಸಿದರೆ ಯಾವ ಶೈಲಿಯಾಗುತ್ತದೆಂದು 18ನೆಯ ಶತಮಾನದಲ್ಲಿಯೇ ಲೊಮನೋಸೊವ್ ವಿವರಿಸಿದ್ದ. ಸ್ವಂತ ಭಾಷೆಯಲ್ಲಿ ಈ ತೂಕ ಎಂದೂ ತಪ್ಪದವನು ಇಂಗ್ಲಿಷಿಗೆ ಬಂದೊಡನೆ ತಕ್ಕಡಿಯನ್ನು ಬಾಗಿಲ ಹೊರಗೇ ಇಟ್ಟುಬರುತ್ತಾನೆ.

ಇಟ್ಟುಬರದವರೂ ಉಂಟು. ಕವಿ ಜೋಸೆಫ್ ಬ್ರಾಡ್‌ಸ್ಕಿಯನ್ನು 1964ರಲ್ಲಿ, ದುಡಿಯದೆ ಸಮಾಜಕ್ಕೆ ಹೊರೆಯಾಗಿರುವನೆಂಬ ಆಪಾದನೆಯ ಮೇಲೆ, ಉತ್ತರದ ಅರ್ಖಾಂಗೆಲ್ಸ್ಕ್ ಪ್ರಾಂತದ ನೊರೆನ್‌ಸ್ಕಯಾ ಎಂಬ ಹಳ್ಳಿಗೆ ಅಟ್ಟಿದರು. ಹೊಲದ ಕೂಲಿ ಮುಗಿದ ಮೇಲೆ ಇಂಗ್ಲಿಷ್ ಕವಿತೆಗಳ ಸಂಕಲನವನ್ನೂ ನಿಘಂಟನ್ನೂ ಹಿಡಿದು ಆತ ಕುಳಿತುಕೊಳ್ಳುತ್ತಿದ್ದ. ಅವನ ಪದಗಳು ಬಂದುದು ಪಟ್ಟಿಯಿಂದಲ್ಲ; ಡನ್ ಮತ್ತು ಆಡೆನ್ ಕವಿಗಳ ಸಾಲುಗಳಿಂದ, ತಮ್ಮ ನೆರೆಹೊರೆಯೊಡನೆಯೇ. 1972ರಲ್ಲಿ ದೇಶದಿಂದ ಹೊರಗೆ ಹಾಕಿದ ಮೇಲೆ ಆತ ಅಮೆರಿಕದಲ್ಲಿ ನೆಲಸಿದ. ಲೆನಿನ್‌ಗ್ರಾದಿನಲ್ಲಿ ಉಳಿದ ತಾಯಿತಂದೆಗಳು ಮಗನನ್ನು ನೋಡಿಬರಲು ಅನುಮತಿ ಬೇಡುತ್ತಲೇ ಇದ್ದರು. ಅನುಮತಿ ಬರಲೇ ಇಲ್ಲ. 1983ರಲ್ಲಿ ತಾಯಿ ತೀರಿಕೊಂಡಳು, ಮರುವರ್ಷ ತಂದೆ. ಅವರನ್ನು ಕುರಿತು, ಮೂವರೂ ಬಾಳಿದ ಒಂದೂವರೆ ಕೋಣೆಯನ್ನು ಕುರಿತು, ಬ್ರಾಡ್‌ಸ್ಕಿ 1985ರಲ್ಲಿ ಬರೆದ ದೀರ್ಘ ಪ್ರಬಂಧ ರಷ್ಯನ್ನಿನಲ್ಲಿಲ್ಲ, ಇಂಗ್ಲಿಷಿನಲ್ಲಿದೆ. ಕಾರಣವನ್ನು ಆತನೇ ಹೇಳಿದ್ದಾನೆ: ಅವರನ್ನು ಹಿಡಿದಿಟ್ಟ ರಾಜ್ಯದ ಭಾಷೆಯಿಂದ ಆಚೆಗೆ ಅವರಿಗೆ ಒಂದಿಷ್ಟು ಬಿಡುಗಡೆ ದೊರೆಯಲಿ, ಅವರ ಓಡಾಟವನ್ನು ಇಂಗ್ಲಿಷಿನ ಚಲನೆಯ ಕ್ರಿಯಾಪದಗಳು ಹೇಳಲಿ. ಹೋಗು, ಬಾ, ನಡೆ ಎಂಬಂಥ ಕ್ರಿಯಾಪದಗಳು ಅವು, ನನ್ನ ವಿದ್ಯಾರ್ಥಿಗಳು ತೀರ ಸಣ್ಣವೆಂದು ಪಟ್ಟಿಯಿಂದ ಹೊಡೆದುಹಾಕಿದ್ದವು. ಆ ಪುಟಗಳಲ್ಲಿ ಮುದುಕ ಮುದುಕಿಯರಿಬ್ಬರು ಅವುಗಳ ಕೈಹಿಡಿದು ಅಡಿಗೆಮನೆಗೂ ಕೋಣೆಗೂ ಇಂದಿಗೂ ನಡೆದಾಡುತ್ತಿದ್ದಾರೆ.