ಬಂದವರಿಗೆ ಮೊದಲ ತಟ್ಟೆ

ಶ್ರವಣಬೆಳಗೊಳದ ದೊಡ್ಡಬೆಟ್ಟಕ್ಕೆ ಆರುನೂರಕ್ಕೂ ಹೆಚ್ಚು ಮೆಟ್ಟಿಲು. ಬರಿಗಾಲಲ್ಲಿ ಹತ್ತಿ, ಗೊಮ್ಮಟನನ್ನು ಕಂಡು ಇಳಿದ ನೆಂಟರು ಚಿಕ್ಕಬೆಟ್ಟದ ಆಚೆಗಿರುವ ಜಿನನಾಥಪುರದ ಮನೆಗೆ ಬರುವಷ್ಟರಲ್ಲಿ ಬಿಸಿಲು ಏರಿರುತ್ತದೆ. ಊಟಕ್ಕೆ ಇನ್ನೂ ಹೊತ್ತಿದೆ. "ಬನ್ನಿ, ಕೈಕಾಲು ತೊಳ್ಕಳಿ" ಎಂದು ಬೆಲ್ಲ, ನೀರು ಮುಂದಿಟ್ಟದ್ದಾಯಿತು. ಆಮೇಲೇನು?

ಇಲ್ಲೇ ಬಹಳ ಮನೆಗಳು ಎಡವುವುದು. ನೆಂಟರು ಬಂದರೆಂದು ಒಲೆಯ ಮೇಲೆ ಎಣ್ಣೆ ಬಾಣಲೆ ಏರುತ್ತದೆ. ಬೋಂಡ ಬಿಸಿಯಿದ್ದಾಗಲೇ ಚೆನ್ನ, ಹಾಗಾಗಿ ಕೊನೆಯ ತಟ್ಟೆ ಮುಗಿಯುವವರೆಗೆ ಒಬ್ಬರು ಬಾಣಲೆಯ ಮುಂದೆ ನಿಂತಿರಲೇಬೇಕು. ವರ್ಷಕ್ಕೊಮ್ಮೆ ಬಂದ ಅಕ್ಕ ನಡುಮನೆಯಲ್ಲಿ, ತಂಗಿ ಅಡುಗೆಮನೆಯಲ್ಲಿ. ನಮ್ಮ ದೊಡ್ಡಮ್ಮ ಇದನ್ನು ಒಪ್ಪುತ್ತಿರಲಿಲ್ಲ. "ಒಲೆ ಮುಂದೆ ನೀನು ನಿಂತ್ರೆ ಅವ್ರನ್ನ ಮಾತಾಡ್ಸೋರು ಯಾರವ್ವ?" ಅನ್ನುತ್ತಿದ್ದರು. ಒಬ್ಬರನ್ನು ಒಲೆಗೆ ಕಟ್ಟಿಹಾಕುವ ತಿಂಡಿ ಮೊದಲ ತಟ್ಟೆಗೆ ಸಲ್ಲದು. ಇದು ನನ್ನ ಖಚಿತ ಅಭಿಪ್ರಾಯ.

ಜಿನನಾಥಪುರ ಹೊಯ್ಸಳರ ದಂಡನಾಯಕ ಗಂಗರಾಜ ಕಟ್ಟಿಸಿದ ಊರು. ಇಲ್ಲಿನ ಶಾಂತಿನಾಥ ಬಸದಿಯನ್ನು ಸುಮಾರು 1200ರಲ್ಲಿ ಕಟ್ಟಿಸಿದ ರೇಚಿಮಯ್ಯನಿಗೆ 'ವಸುಧೈಕಬಾಂಧವ' ಎಂಬ ಬಿರುದಿತ್ತು, ಲೋಕಕ್ಕೆಲ್ಲ ನೆಂಟ ಎಂದು. ಹನ್ನೆರಡು ವರ್ಷಕ್ಕೊಮ್ಮೆ ಮಹಾಮಸ್ತಕಾಭಿಷೇಕ ಬಂದಾಗ ಈ ಸುತ್ತಿನ ಮನೆಗಳೂ ಲೋಕಕ್ಕೆ ನೆಂಟರಾಗುತ್ತವೆ. ಹಿಂದಿನದು ನಡೆದದ್ದು 2018ರ ಫೆಬ್ರುವರಿಯಲ್ಲಿ.

ವ್ರತನಿಯಮ ಪಾಲಿಸುವ ಜೈನ ಮನೆಗಳಲ್ಲಿ ಈರುಳ್ಳಿ, ಬೆಳ್ಳುಳ್ಳಿ, ಗೆಡ್ಡೆಗಳಿಲ್ಲ. ಆಲೂಗಡ್ಡೆಗೆ ಹೆಸರಾದ ಹಾಸನ ಜಿಲ್ಲೆಯಲ್ಲೇ ಆಲೂಗಡ್ಡೆ ಬೋಂಡ ಅಲ್ಲಿ ಬಾಣಲೆಗೆ ಬೀಳುವುದಿಲ್ಲ. ಹೊತ್ತು ಮುಳುಗಿದ ಮೇಲೆ ಊಟವೂ ಇಲ್ಲ. ಹೀಗಾಗಿ ಮೊದಲ ತಟ್ಟೆ ಹಗಲಲ್ಲೇ, ತಡವಿಲ್ಲದೆ ಬರಬೇಕು. ಈ ಕಟ್ಟುಪಾಡುಗಳೇ ಕೆಲಸವನ್ನು ಹಗುರ ಮಾಡಿವೆ, ಏಕೆಂದರೆ ಉಳಿಯುವುದು ಕಲಸಿ ಕೊಡುವ ಪದಾರ್ಥಗಳು.

ಅವುಗಳಲ್ಲಿ ಮೊದಲನೆಯದು ಕೋಸಂಬರಿ. ಅರ್ಧ ಪಾವು ಹೆಸರುಬೇಳೆ ನಾಲ್ಕೈದು ಜನಕ್ಕೆ ಸಾಕು. ಒಂದು ಗಂಟೆ ನೆನೆಸಿ, ಒಂದು ಬೇಳೆಯನ್ನು ಉಗುರಿನಿಂದ ಒತ್ತಿ ನೋಡಿ. ಪುಡಿಯಾಗದೆ ಮೆತ್ತಗೆ ತುಂಡಾದರೆ ಹದ ಬಂದಿದೆ. ನೀರು ಪೂರ್ತಿ ಬಸಿದು, ಸಣ್ಣಗೆ ಹೆಚ್ಚಿದ ಸೌತೆಕಾಯಿ, ಕಾಯಿತುರಿ, ಹಸಿಮೆಣಸಿನಕಾಯಿ, ಕೊತ್ತಂಬರಿ ಸೊಪ್ಪು ಸೇರಿಸಿ ಸಾಸಿವೆ, ಇಂಗಿನ ಒಗ್ಗರಣೆ ಕೊಟ್ಟಿಡಿ. ಉಪ್ಪು ಮತ್ತು ನಿಂಬೆರಸ ಮಾತ್ರ ಬಡಿಸುವ ಮುನ್ನ. ಒಮ್ಮೆ ನಾನು ಬೆಳಿಗ್ಗೆಯೇ ಉಪ್ಪು ಹಾಕಿ ಮುಚ್ಚಿಟ್ಟೆ. ನೆಂಟರು ಬರುವಷ್ಟರಲ್ಲಿ ಪಾತ್ರೆಯ ತಳದಲ್ಲಿ ನೀರು ನಿಂತಿತ್ತು, ಸೌತೆಕಾಯಿ ಸೊರಗಿತ್ತು. ಹೋಳಿನ ಹೊರಗೆ ಉಪ್ಪು ಹೆಚ್ಚಾದಾಗ ಜೀವಕೋಶಗಳ ಒಳಗಿನ ನೀರು ಪೊರೆ ದಾಟಿ ಹೊರಬರುತ್ತದೆ. ಶಾಲೆಯಲ್ಲಿ ಓದಿದ ಅಭಿಸರಣೆ ಇದೇ. ಉಪ್ಪಿನಕಾಯಿಗೆ ಬೇಕಾದ ಈ ಗುಣ ಕೋಸಂಬರಿಗೆ ಬೇಡ.

ಎರಡನೆಯದಕ್ಕೆ ಬೆಂಕಿಯೂ ಬೇಡ. ಚನ್ನರಾಯಪಟ್ಟಣದ ಕಡೆ ತೆಂಗಿನ ತೋಟವಿದ್ದವರ ಮನೆಯ ಅಟ್ಟದಲ್ಲಿ ಕೊಬ್ಬರಿಗೆ ಬಿಟ್ಟ ಕಾಯಿ ಇರುತ್ತದೆ. ಬಲಿತ ಕಾಯನ್ನು ತಿಂಗಳುಗಟ್ಟಲೆ ಹಾಗೇ ಬಿಟ್ಟರೆ ಒಳಗಿನ ನೀರು ಬತ್ತಿ, ತಿರುಳು ಒಣಗಿ ಚಿಪ್ಪಿನಿಂದ ಬಿಡಿಸಿಕೊಳ್ಳುತ್ತದೆ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಗಡಗಡ ಸದ್ದು. ಒಡೆದರೆ ಗಿಟುಕು ಇಡಿಯಾಗಿ ಕೈಗೆ ಬರುತ್ತದೆ. ದೊಡ್ಡಮ್ಮ ಅದನ್ನು ಈಳಿಗೆಮಣೆಯಲ್ಲಿ ಕಾಗದದಷ್ಟು ತೆಳ್ಳಗೆ ಹೆಚ್ಚುತ್ತಿದ್ದರು, ಕೈ ಅದರ ಪಾಡಿಗೆ ಅದು, ಮಾತು ನೆಂಟರ ಜೊತೆ. ಒಂದು ಹಿಡಿ ಹುರಿಗಡಲೆ, ಒಂದು ಚೂರು ಅಚ್ಚುಬೆಲ್ಲ ಜೊತೆಗಿಟ್ಟರೆ ತಟ್ಟೆ ಸಿದ್ಧ. ಬೆಟ್ಟ ಹತ್ತಿ ದಣಿದ ಮೈಗೆ ಬೆಲ್ಲ ಬೇಗ ಕಸುವು ಕೊಡುತ್ತದೆ, ಕಡಲೆ ಮತ್ತು ಕೊಬ್ಬರಿ ಹೊಟ್ಟೆಯನ್ನು ಊಟದವರೆಗೆ ಹಿಡಿದಿಡುತ್ತವೆ.

ಕಡ್ಲೆಪುರಿಯ ಒಗ್ಗರಣೆಯನ್ನು ಹಿಂದಿನ ದಿನವೇ ಮಾಡಿಡಬಹುದು. ಪುರಿ ಗಾಳಿಯ ತೇವ ಹೀರಿ ಮೆತ್ತಗಾಗುವ ಪದಾರ್ಥ. ಮೊದಲು ಸಣ್ಣ ಉರಿಯಲ್ಲಿ ಬೆಚ್ಚಗೆ ಮಾಡಿ ಗರಿ ತರಿಸಿಕೊಳ್ಳಿ, ಆಮೇಲೆ ಕಡಲೆಕಾಯಿ ಬೀಜ, ಒಣಮೆಣಸಿನಕಾಯಿ, ಕರಿಬೇವಿನ ಒಗ್ಗರಣೆ. ಪೂರ್ತಿ ಆರಿದ ಮೇಲೆಯೇ ಡಬ್ಬಿಗೆ ಹಾಕಿ. ಬಿಸಿಯಲ್ಲೇ ಮುಚ್ಚಿದರೆ ಮುಚ್ಚಳದೊಳಗೆ ಆವಿ ನೀರಾಗಿ, ಪಟ್ಟ ಶ್ರಮ ಹಾಳು. ಕೋಡುಬಳೆ, ನಿಪ್ಪಟ್ಟು ಮನೆಯಲ್ಲಿದ್ದರೆ ಇನ್ನೂ ಸರಿ.

ಬಡಿಸುವಾಗ ಕೈ ಹಿಡಿತದಲ್ಲಿರಲಿ, ಹಿಂದೆಯೇ ಊಟವಿದೆ. ಹೊಸಬರು ಬರುವುದಾದರೆ ಏನು ತಿನ್ನುವುದಿಲ್ಲ ಎಂದು ಮೊದಲೇ ಕೇಳಿಕೊಳ್ಳಿ. ಕೇಳುವುದರಲ್ಲಿ ಸಂಕೋಚ ಬೇಡ, ಕೇಳಿದ್ದಕ್ಕೆ ಅವರು ಸಂತೋಷವೇ ಪಡುತ್ತಾರೆ.

"ಬೆಟ್ಟ ಹತ್ತೋಕೆ ಹೊರಟ್ವಿ" ಎಂದು ಅವರ ಫೋನ್ ಬಂದಾಗ ಎದ್ದು ಬೇಳೆ ನೆನೆಹಾಕಿ. ಅವರು ಇಳಿದು ಬರುವಷ್ಟರಲ್ಲಿ ನೆಂದಿರುತ್ತದೆ.